ಚಂದ್ರನ ಗುಹೆ ಬಾಯಿ ಮುಚ್ಚಿ ಗಾಳಿ ತುಂಬಿದ್ರೆ ಊರು ಆಗುತ್ತಾ?

ನಾಪೋಕ್ಲು ಕಡೆಯ ಓದುಗರೊಬ್ಬರ ಪ್ರಶ್ನೆ: "ಸರ್, ಪುತ್ತರಿ ದಿನ ಕದಿರು ತೆಗೆದು ಬಂದು ಅಂಗಳದಲ್ಲಿ ಕೂತಿದ್ವಿ, ಮೇಲೆ ಹುಣ್ಣಿಮೆ ಚಂದ್ರ. ಏಳನೇ ಕ್ಲಾಸ್ ಓದೋ ಮಗಳು, ಚಂದ್ರನಲ್ಲಿ ದೊಡ್ಡ ಗುಹೆ ಸಿಕ್ಕಿದೆಯಂತೆ ಅಪ್ಪ, ಅದರ ಬಾಯಿ ಮುಚ್ಚಿ ಒಳಗೆ ಗಾಳಿ ತುಂಬಿದ್ರೆ ಊರೇ ಮಾಡ್ಬಹುದಲ್ಲಾ ಅಂದಳು. ನನಗೆ ಏನು ಹೇಳ್ಬೇಕು ಗೊತ್ತಾಗ್ಲಿಲ್ಲ. ನೀವು ಗಣಿಲಿ ಇದ್ದವರು. ಇದು ಅವಳ ಕಾಲಕ್ಕೆ ಆಗೋ ಕೆಲಸಾನಾ, ಇಲ್ಲ ಬರೀ ಪೇಪರ್ ಸುದ್ದಿನಾ?"

ಉತ್ತರ: ಗುಹೆ ಇರೋದು ನಿಜ, ಅದರಲ್ಲಿ ಅನುಮಾನ ಬೇಡ. ಅದರೊಳಗೆ ಮನುಷ್ಯರು ಇಳಿದು ಸ್ವಲ್ಪ ದಿನ ಇರೋದೂ ಆಗದ ಮಾತಲ್ಲ. ಆದ್ರೆ ಬಾಯಿ ಮುಚ್ಚಿ ಗಾಳಿ ತುಂಬೋ ಐಡಿಯಾ ಮಾತ್ರ ನಡೆಯಲ್ಲ, ಯಾಕೆ ಅಂತ ಲೆಕ್ಕ ಹಾಕಿನೇ ತೋರಿಸ್ತೀನಿ, ಮಗಳನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ಓದಿ. ನಾನು ರಾಕೆಟ್‌ನೋನಲ್ಲ. ಜಿಯಾಲಜಿ ಓದಿ ಇಪ್ಪತ್ತಾರು ವರ್ಷ ಅಂಡರ್‌ಗ್ರೌಂಡ್ ಗಣಿಗಳಲ್ಲಿ ಕಳೆದು ಈಗ ಮಡಿಕೇರಿ ಹತ್ರ ನಾಲ್ಕು ಕಾಫಿ ಗಿಡ ನೋಡ್ಕೊಂಡು ಇರೋನು, ಹಂಗಾಗಿ ಆಕಾಶದ ಬಗ್ಗೆ ಕಮ್ಮಿ, ತಲೆ ಮೇಲೆ ನಿಂತಿರೋ ಬಂಡೆ ಬಗ್ಗೆ ಜಾಸ್ತಿ ಮಾತಾಡ್ತೀನಿ.

ಈ ಗುಹೆ ಹೆಂಗಾಯ್ತು ಅಂದ್ರೆ, ಬಿಸಿ ಗಂಜಿ ತಟ್ಟೆಗೆ ಹಾಕಿ ಸುಮ್ನೆ ಬಿಟ್ರೆ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತಲ್ಲ, ತಟ್ಟೆ ಓರೆ ಮಾಡಿದ್ರೆ ಪೊರೆ ಅಲ್ಲೇ ಇದ್ದು ಕೆಳಗಿನ ಗಂಜಿ ಹರಿದು ಹೋಗುತ್ತೆ. ಲಾವಾನೂ ಅಷ್ಟೇ. ಮುನ್ನೂರು ಕೋಟಿ ವರ್ಷಕ್ಕೂ ಹಿಂದೆ ಚಂದ್ರನ ಮೇಲೆ ಲಾವಾ ಹೊಳೆ ಥರ ಹರೀತಿತ್ತು, ಮೇಲ್ಭಾಗ ತಣ್ಣಗಾಗಿ ಕಲ್ಲಾಯ್ತು, ಒಳಗಿನದು ಹರಿದು ಖಾಲಿಯಾಯ್ತು, ಉಳಿದಿದ್ದು ಉದ್ದನೆ ಕೊಳವೆ. ಇದಕ್ಕೆ ಲಾವಾ ಟ್ಯೂಬ್ ಅಂತಾರೆ. ನಮ್ಮ ಕೊಡಗಲ್ಲಿ ಹುಡುಕ್ಬೇಡಿ, ಸಿಗಲ್ಲ, ಇಲ್ಲಿರೋದು ಚಾರ್ನೊಕೈಟ್, ನೆಲದಾಳದಲ್ಲಿ ಬೆಂದು ಗಟ್ಟಿಯಾದ ಕಲ್ಲು, ಅದು ಯಾವತ್ತೂ ಹೊಳೆಯಾಗಿ ಹರಿದದ್ದಲ್ಲ. ಒಂದು ಮಜಾ ಏನಂದ್ರೆ ವಯಸ್ಸಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಕಾಲದವು, ನಮ್ಮ ಕಲ್ಲಿಗೂ ಮುನ್ನೂರು ಕೋಟಿ ವರ್ಷ ದಾಟಿದೆ. ಭೂಮಿ ಮೇಲಿನ ಲಾವಾ ಟ್ಯೂಬ್ ನೋಡ್ಬೇಕಂದ್ರೆ ಹವಾಯಿಗೆ ಹೋಗ್ಬೇಕು, ಅಲ್ಲಿ ಕಾಝುಮುರಾ ಅಂತ ಒಂದು ಗುಹೆ 65 ಕಿಲೋಮೀಟರ್ ಉದ್ದ ಇದೆ, ಅಗಲ ಮಾತ್ರ ಹತ್ತಿಪ್ಪತ್ತು ಮೀಟರ್ ಅಷ್ಟೇ.

ಚಂದ್ರನಲ್ಲಿ ಮೊದಲ ತೂತು ಕಂಡಿದ್ದು 2009ರಲ್ಲಿ. ಜಪಾನಿನ ಕಗುಯಾ ನೌಕೆ ಮಾರಿಯಸ್ ಹಿಲ್ಸ್ ಅನ್ನೋ ಜಾಗದಲ್ಲಿ ಸುಮಾರು 60 ಮೀಟರ್ ಅಗಲದ ಕಪ್ಪು ಗುಂಡಿ ಫೋಟೋ ತೆಗೀತು. ನಮ್ಮವರೂ ಹಿಂದೆ ಬಿದ್ದಿಲ್ಲ, ಚಂದ್ರಯಾನ-1 ಕಳಿಸಿದ ಚಿತ್ರ ಇಟ್ಕೊಂಡು ಅಹಮದಾಬಾದಿನ ಇಸ್ರೋ ವಿಜ್ಞಾನಿಗಳು ಕುಸೀದೆ ಉಳಿದಿರೋ ಒಂದು ಕಿಲೋಮೀಟರ್‌ಗೂ ಮಿಕ್ಕಿದ ಲಾವಾ ಟ್ಯೂಬ್ ಇದೆ ಅಂತ 2011ರಲ್ಲೇ ಬರೆದ್ರು, ಅದು ಯಾವ ಟಿವಿಲೂ ದೊಡ್ಡ ಸುದ್ದಿ ಆಗ್ಲಿಲ್ಲ ಬಿಡಿ. ಈಗ ಇಂಥ ಗುಂಡಿಗಳು 200ಕ್ಕೂ ಹೆಚ್ಚು ಲೆಕ್ಕಕ್ಕೆ ಸಿಕ್ಕಿವೆ. ನಿಮ್ಮ ಮಗಳು ಓದಿರೋ ಸುದ್ದಿ 2024ರ ಜುಲೈದು ಇರ್ಬೇಕು. ಇಟಲಿಯ ಟ್ರೆಂಟೋ ಯೂನಿವರ್ಸಿಟಿಯವರು, ಚಂದ್ರನ್ನ ಸುತ್ತೋ ನಾಸಾದ ಎಲ್‌ಆರ್‌ಒ ನೌಕೆ 2010ರಲ್ಲಿ ತೆಗೆದಿದ್ದ ಹಳೇ ರಾಡಾರ್ ಡೇಟಾನ ಮತ್ತೆ ಕೆದಕಿ ನೋಡಿದ್ರು. ಟ್ರಾಂಕ್ವಿಲಿಟಿ ಸಮುದ್ರ ಅಂತೀವಲ್ಲ, ಆರ್ಮ್‌ಸ್ಟ್ರಾಂಗ್ ಇಳಿದ ಬಯಲು, ಅಲ್ಲೊಂದು 100 ಮೀಟರ್ ಅಗಲದ ಗುಂಡಿ ಇದೆ, ಅದರ ತಳದಿಂದ ಪಕ್ಕಕ್ಕೆ ಗುಹೆ ಮುಂದುವರಿದಿದೆ ಅಂತ ಗೊತ್ತಾಯ್ತು. ನೆಲಮಟ್ಟದಿಂದ 130–170 ಮೀಟರ್ ಆಳದಲ್ಲಿ, ಸುಮಾರು 45 ಮೀಟರ್ ಅಗಲ, ಉದ್ದ ಕಮ್ಮಿ ಅಂದ್ರೂ 30ರಿಂದ 80 ಮೀಟರ್. ರಾಡಾರ್‌ಗೆ ಕಂಡಿದ್ದು ಅಷ್ಟು. ಅಲ್ಲಿಗೆ ಮುಗೀತಾ, ಮುಂದೆ ಕಿಲೋಮೀಟರ್‌ಗಟ್ಟಲೆ ಹೋಗುತ್ತಾ ಅನ್ನೋದು ಒಳಗೆ ಇಳಿದಾಗಲೇ ತಿಳಿಯೋದು.

ಅಲ್ಲಿ ಟ್ಯೂಬ್‌ಗಳು ದೊಡ್ಡವಾಗಿರೋಕೆ ಕಾರಣ ಗುರುತ್ವ. ನಮ್ಮದರ ಆರನೇ ಒಂದು ಭಾಗ ಅಷ್ಟೇ. ಆರು ಕೆಜಿ ಕಲ್ಲು ಅಲ್ಲಿ ಒಂದು ಕೆಜಿಯಷ್ಟೇ ಭಾರ ಅನ್ಸುತ್ತೆ, ಹಂಗಾದ್ರೆ ಗುಹೆಯ ಮಾಡಿನ (ಮೇಲ್ಛಾವಣಿಯ) ಭಾರನೂ ಅಷ್ಟೇ ಕಮ್ಮಿ, ಕಂಬ ಇಲ್ಲದೆ ಅಗಲ ಮಾಡು ನಿಲ್ಲುತ್ತೆ. ಪರ್ಡ್ಯೂ ಯೂನಿವರ್ಸಿಟಿಯವರು 2017ರಲ್ಲಿ ಮಾಡಿದ ಲೆಕ್ಕದ ಪ್ರಕಾರ ಮೇಲ್ಭಾಗ ಕಮಾನಿನ ಆಕಾರದಲ್ಲಿದ್ರೆ ಕಿಲೋಮೀಟರ್‌ಗಟ್ಟಲೆ ಅಗಲದ ಟ್ಯೂಬೂ ಕುಸೀದೆ ಇರಬಹುದು. ಇದು ಕಂಪ್ಯೂಟರ್ ಲೆಕ್ಕ ಅನ್ನೋದು ನೆನಪಿರಲಿ. ಗಣಿಲಿ ನಾವು ಕಂಪ್ಯೂಟರ್ ಲೆಕ್ಕನ ಗೌರವದಿಂದ ಕೇಳಿ, ಆಮೇಲೆ ಹಾರೆ ತಗೊಂಡು ಮಾಡು ಬಡಿದು ನೋಡ್ತಿದ್ವಿ.

ಆ ಹಾರೆ ಕಥೆಗೆ ಆಮೇಲೆ ಬರ್ತೀನಿ. ಮೊದಲು ಗುಹೆಯಿಂದ ಏನು ಲಾಭ ನೋಡಿ.

ಚಂದ್ರನ ಮೇಲೆ ಹಗಲು ಸುಮಾರು 120 ಡಿಗ್ರಿ ಬಿಸಿ, ರಾತ್ರಿ ಮೈನಸ್ 170. ಆ ಟ್ರಾಂಕ್ವಿಲಿಟಿ ಗುಂಡಿಯೊಳಗೆ ಯಾವಾಗಲೂ ನೆರಳಿರೋ ಭಾಗದಲ್ಲಿ 17 ಡಿಗ್ರಿ ಆಸುಪಾಸಲ್ಲಿ ಇರುತ್ತೆ ಅಂತ 2022ರಲ್ಲಿ ಲೆಕ್ಕ ಬಂತು. ಹದಿನೇಳು ಡಿಗ್ರಿ ಅಂದ್ರೆ ಡಿಸೆಂಬರ್ ಬೆಳಿಗ್ಗೆ ನಮ್ಮ ಮಡಿಕೇರಿ, ಒಂದು ಸ್ವೆಟರ್ ಹಾಕ್ಕೊಂಡು ಬಿಸಿ ಕಾಫಿ ಕುಡೀಬಹುದು! ಎಲ್ಲರೂ ಈ ಸಾಲು ಓದಿ ಖುಷಿ ಪಟ್ರು. ಆದ್ರೆ ಅದು ಬಾಯಿ ತೆರೆದ ಗುಂಡಿಯ ಮಾತು, ಗುಹೆಯ ಆಳದ್ದಲ್ಲ, ಬಿಸಿಲು ಗೋಡೆಗೆ ಬಡಿದು ಚದುರಿ ಬರೋ ಶಾಖದಿಂದ. ಅಪೋಲೋ 15 ಮತ್ತು 17ರವರು ನೆಲಕ್ಕೆ ತೂತು ಕೊರೆದು ಥರ್ಮಾಮೀಟರ್ ಇಟ್ಟಿದ್ರು, ಒಂದೆರಡು ಮೀಟರ್ ಕೆಳಗೆ ಮೈನಸ್ 20ರ ಹತ್ರ ಸ್ಥಿರವಾಗಿತ್ತು. ಹಂಗಾಗಿ ಗುಹೆಯ ಆಳಕ್ಕೆ ಹೋದಂಗೆ ಚಳಿ ಜಾಸ್ತಿ ಅಂತ ನನ್ನ ಅಂದಾಜು. ಆದ್ರೂ ಬದಲಾಗದ ಮೈನಸ್ 20 ಅಂದ್ರೆ ಎಂಜಿನಿಯರ್‌ಗೆ ಹಬ್ಬ, ಏರಿಳಿತ ಇಲ್ಲದ ಚಳಿ ಸಂಭಾಳಿಸೋದು ಸುಲಭ. ಚಂದ್ರನ ಮಣ್ಣು ಎಂಥ ಕಂಬಳಿ ಅನ್ನೋದನ್ನ ಚಂದ್ರಯಾನ-3 ತೋರಿಸಿದೆ, 2023ರ ಆಗಸ್ಟಲ್ಲಿ ವಿಕ್ರಮ್‌ನಿಂದ ಮಣ್ಣಿಗೆ ಚುಚ್ಚಿದ ಕಡ್ಡಿ ಮೇಲ್ಗಡೆ 50 ಡಿಗ್ರಿ ದಾಟಿದ್ದಾಗ ಬರೀ 8 ಸೆಂಟಿಮೀಟರ್ ಕೆಳಗೆ ಮೈನಸ್ 10 ತೋರಿಸ್ತು. ಎಂಟು ಸೆಂಟಿಮೀಟರ್, ಅಂದ್ರೆ ನಿಮ್ಮ ಅಂಗೈ ಅಗಲ ಅಷ್ಟೇ!

ಎರಡನೇದು ರೇಡಿಯೇಷನ್, ನನ್ನ ಪ್ರಕಾರ ಗುಹೆ ಬೇಕು ಅನ್ನೋಕೆ ಅಸಲಿ ಕಾರಣ ಇದೇ. ಚೀನಾದ ಚಾಂಗ್-ಇ 4 ಲ್ಯಾಂಡರ್ 2019ರಲ್ಲಿ ಇಳಿದು ಅಳೆದಾಗ ದಿನಕ್ಕೆ ಸುಮಾರು 1,370 ಮೈಕ್ರೋಸೀವರ್ಟ್ ಬಂತು (ಸೀವರ್ಟ್ ಅಂದ್ರೆ ಮೈಗೆ ತಾಗೋ ರೇಡಿಯೇಷನ್ ಅಳೆಯೋ ಮಾಪ, ಸಾವಿರ ಮೈಕ್ರೋ ಸೇರಿದ್ರೆ ಒಂದು ಮಿಲಿ). ವರ್ಷಕ್ಕೆ ಲೆಕ್ಕ ಹಾಕಿದ್ರೆ 500 ಮಿಲಿಸೀವರ್ಟ್. ನಮ್ಮ ದೇಶದಲ್ಲಿ ಅಣುಸ್ಥಾವರದಲ್ಲಿ ಕೆಲಸ ಮಾಡೋರಿಗೆ ವರ್ಷಕ್ಕೆ ಸರಾಸರಿ 20 ಮಾತ್ರ ಅಂತ ಮಿತಿ. ಅಂದ್ರೆ ಚಂದ್ರನ ಬಯಲಲ್ಲಿ ಸುಮ್ನೆ ಕೂತವನಿಗೆ ಇಪ್ಪತ್ತೈದು ಪಟ್ಟು. ಇದರ ಮೇಲೆ ಸೂರ್ಯ ಸಿಟ್ಟಾದ್ರೆ ಬೇರೆ. 1972ರ ಆಗಸ್ಟಲ್ಲಿ ದೊಡ್ಡ ಸೌರ ಬಿರುಗಾಳಿ ಬಂದಾಗ ಅಪೋಲೋ 16 ವಾಪಸ್ ಬಂದಾಗಿತ್ತು, 17 ಇನ್ನೂ ಹೋಗಿರ್ಲಿಲ್ಲ, ಆ ನಡುವಿನ ಗ್ಯಾಪಲ್ಲಿ ಬಂದಿದ್ದು ಪುಣ್ಯ. ಬಾಹ್ಯಾಕಾಶದಿಂದ ಬಂದು ಬಡಿಯೋ ಈ ಕಾಸ್ಮಿಕ್ ಕಿರಣನ ತಡೆಯೋಕೆ ತೆಳು ಶೀಟ್ ಸಾಲಲ್ಲ, ತೆಳು ಲೋಹಕ್ಕೆ ಬಡಿದ್ರೆ ಅಲ್ಲಿಂದ ನ್ಯೂಟ್ರಾನ್ ಚಿಮ್ಮಿ ಇನ್ನೂ ಕಾಟ, ಹಲವು ಮೀಟರ್ ದಪ್ಪ ಮಣ್ಣೋ ಕಲ್ಲೋ ಬೇಕು. ಇದನ್ನ ನಮ್ಮ ಕರ್ನಾಟಕ ಹಿಂದೆಯೇ ನೋಡಿದೆ. ಕೆಜಿಎಫ್ ಗಣಿಲಿ ಎರಡು ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ ಉಪಕರಣ ಇಟ್ಟು 1965ರಲ್ಲಿ ವಾತಾವರಣದ ನ್ಯೂಟ್ರಿನೋ (ಬಂಡೆನೂ ತೂರಿ ಹೋಗೋ ಅತಿ ಸೂಕ್ಷ್ಮ ಕಣ) ಹಿಡಿದ್ರಲ್ಲ, ಅಷ್ಟು ಆಳಕ್ಕೆ ಯಾಕೆ ಹೋದ್ರು ಅಂದ್ರೆ ಮೇಲಿನ ಬಂಡೆ ಉಳಿದ ಕಾಸ್ಮಿಕ್ ಕಿರಣನೆಲ್ಲಾ ತಡೆಯುತ್ತೆ ಅಂತ. ಚಂದ್ರನಲ್ಲಿ ಅಷ್ಟು ಆಳ ಬೇಡ, ಹತ್ತಿಪ್ಪತ್ತು ಮೀಟರ್ ದಪ್ಪದ ಮಾಡು ಇದ್ರೆ ಧಾರಾಳ. ಅದನ್ನ ಭೂಮಿಯಿಂದ ಹೊತ್ಕೊಂಡು ಹೋಗೋ ಹಂಗಿಲ್ಲ, ಅಲ್ಲಿ ಪುಕ್ಕಟೆ ಇದೆ. ಸಣ್ಣ ಉಲ್ಕೆ ಚೂರುಗಳ ಗುಂಡೇಟಿಂದಲೂ ಅದೇ ಮಾಡು ಕಾಪಾಡುತ್ತೆ.

ಈಗ ಮಗಳ ಪ್ರಶ್ನೆ. ಬಾಯಿ ಮುಚ್ಚಿ ಗಾಳಿ ತುಂಬೋದು.

ನಮ್ಮ ಸುತ್ತ ಇರೋ ಗಾಳಿ ಒಂದೊಂದು ಚದರ ಮೀಟರ್ ಮೇಲೆ ಹತ್ತು ಟನ್ ಭಾರ ಇಟ್ಟಂಗೆ ಒತ್ತುತ್ತೆ. ನಮಗೆ ಗೊತ್ತಾಗಲ್ಲ ಯಾಕಂದ್ರೆ ಎಲ್ಲಾ ಕಡೆಯಿಂದ ಒತ್ತುತ್ತೆ. ಗುಹೆಯೊಳಗೆ ಅಷ್ಟೇ ಗಾಳಿ ತುಂಬಿದ್ರೆ ಹೊರಗೆ ಏನೂ ಇಲ್ಲ, ಆ ಹತ್ತು ಟನ್ ಪೂರಾ ಮಾಡನ್ನ ಮೇಲಕ್ಕೆ ಎತ್ತುತ್ತೆ. ಲಾವಾ ಕಲ್ಲು ಒಂದು ಘನ ಮೀಟರ್ ಮೂರು ಟನ್, ಚಂದ್ರನ ಗುರುತ್ವದಲ್ಲಿ ಅದರ ಭಾರ ಅರ್ಧ ಟನ್ ಮಾತ್ರ. ಹತ್ತನ್ನ ಅರ್ಧದಿಂದ ಭಾಗಿಸಿ, ಇಪ್ಪತ್ತು ಬಂತಾ? ಅಂದ್ರೆ ಬರೀ ಭಾರದಿಂದ ಆ ಒತ್ತಡನ ಅದುಮಿ ಹಿಡಿಯೋಕೆ ಮಾಡು ಕಮ್ಮಿ ಅಂದ್ರೂ 20 ಮೀಟರ್ ದಪ್ಪ ಇರ್ಬೇಕು, ಇಲ್ಲಾಂದ್ರೆ ಕಲ್ಲಿನ ಹಿಡಿತದ ಮೇಲೆ ಭರವಸೆ ಇಡ್ಬೇಕು. ಮಾಡು ಕೆಳಗೆ ಬೀಳುತ್ತೆ ಅಂತ ಇಪ್ಪತ್ತಾರು ವರ್ಷ ಹೆದರಿದವನು ನಾನು, ಇಲ್ಲಿ ಮೇಲಕ್ಕೆ ಹಾರಿ ಹೋಗುತ್ತೆ ಅಂತ ಹೆದರ್ಬೇಕು.

ಸರಿ, ಆ ಟ್ರಾಂಕ್ವಿಲಿಟಿ ಗುಹೆ ಆಳದಲ್ಲಿದೆ, ಮಾಡು ದಪ್ಪ ಇದೆ ಅಂತಲೇ ಇಟ್ಕೊಳ್ಳೋಣ. ಆದ್ರೆ ಬಿರುಕು? ಮಲ್ಪೆ ಹತ್ರ ಸೇಂಟ್ ಮೇರೀಸ್ ದ್ವೀಪಕ್ಕೆ ಟೂರ್ ಹೋದಾಗ ಕಂಬ ಕಂಬವಾಗಿ ನಿಂತಿರೋ ಕಲ್ಲು ನೋಡಿರ್ತೀರ, ಲಾವಾ ತಣ್ಣಗಾಗಿ ಕುಗ್ಗುವಾಗ ಬಿಟ್ಟ ಬಿರುಕು ಅದು. ಲಾವಾ ಎಲ್ಲಿದ್ರೂ ಹಂಗೇ, ಬಿರುಕು ಬಿಡದೆ ಆರಲ್ಲ. ಮಣ್ಣಿನ ಮಡಕೆಗೆ ಗಾಳಿ ಪಂಪ್ ಹೊಡೆದಂಗೆ, ತುಂಬಿದ್ದೆಲ್ಲಾ ಸೋರುತ್ತೆ. ಅದಲ್ಲದೆ ಗಾಳಿ ಎಲ್ಲಿಂದ? 45 ಮೀಟರ್ ಅಗಲ, 60 ಮೀಟರ್ ಉದ್ದ, 20 ಮೀಟರ್ ಎತ್ತರ ಅಂತ ಹಿಡಿದ್ರೆ 54 ಸಾವಿರ ಘನ ಮೀಟರ್, ಅಷ್ಟಕ್ಕೆ ಗಾಳಿ 65 ಟನ್ ಬೇಕು. ವಿಕ್ರಮ್ ಲ್ಯಾಂಡರ್ ರೋವರ್ ಸಮೇತ ಇದ್ದಿದ್ದು ಒಂದೂ ಮುಕ್ಕಾಲು ಟನ್, ಅಂದ್ರೆ ಮೂವತ್ತೇಳು ವಿಕ್ರಮ್‌ಗಳ ತೂಕದಷ್ಟು ಬರೀ ಗಾಳಿ ಹೊರಬೇಕು! ಆಕ್ಸಿಜನ್ ಏನೋ ಅಲ್ಲಿನ ಕಲ್ಲಲ್ಲೇ ಇದೆ, ತೂಕದಲ್ಲಿ ನೂರಕ್ಕೆ ನಲವತ್ತರ ಮೇಲೆ, ಕರಗಿಸಿ ಬೇರ್ಪಡಿಸೋಕೆ ಕರೆಂಟ್ ಬೇಕು ಅಷ್ಟೇ. ನೈಟ್ರೋಜನ್ ಮಾತ್ರ ಚಂದ್ರನಲ್ಲಿ ಇಲ್ಲ ಅಂತಲೇ ಹೇಳ್ಬಹುದು.

ಹಂಗಾಗಿ ಎಲ್ಲಾ ಪ್ಲಾನ್‌ಗಳೂ ಗುಹೆಯೊಳಗೆ ಗಾಳಿ ತುಂಬೋ ಟೆಂಟ್ ಹಾಕೋದು ಅನ್ನೋ ಕಡೆಗೇ ಹೋಗ್ತವೆ. ಗುಹೆನೇ ಮಾಡು, ಟೆಂಟೇ ಮನೆ. ಬಯಲಲ್ಲಿ ಟೆಂಟ್ ಹಾಕಿದ್ರೆ ಉಲ್ಕೆ, ಬಿಸಿಲು, ರೇಡಿಯೇಷನ್ ಎಲ್ಲದಕ್ಕೂ ದಪ್ಪ ಕವಚ ಬೇಕು, ಗುಹೆಯೊಳಗೆ ಬರೀ ಗಾಳಿ ಹಿಡಿದಿಡೋ ಬಟ್ಟೆ ಸಾಕು, ತೂಕ ಎಷ್ಟೋ ಉಳಿಯುತ್ತೆ. ಮಳೆಗಾಲದಲ್ಲಿ ಕೊಟ್ಟಿಗೆಯೊಳಗೆ ಸೊಳ್ಳೆಪರದೆ ಕಟ್ಟಿದಂಗೆ ಅನ್ಕೊಳ್ಳಿ, ಮಳೆ ಚಿಂತೆ ಪರದೆಗಿಲ್ಲ, ಕೊಟ್ಟಿಗೆ ನೋಡ್ಕೊಳ್ಳುತ್ತೆ.

ಈಗ ಹಾರೆ ಕಥೆ. ಗಣಿಲಿ ಬ್ಲಾಸ್ಟಿಂಗ್ ಆದ್ಮೇಲೆ ಮೊದಲ ಕೆಲಸ ಉದ್ದನೆ ಹಾರೆ ಹಿಡ್ಕೊಂಡು ಮಾಡನ್ನ ಬಡಿಯೋದು. ಟಣ್ ಅಂದ್ರೆ ಗಟ್ಟಿ, ಡಬ್ ಅಂದ್ರೆ ಒಳಗೆ ಬಿಟ್ಕೊಂಡಿದೆ, ಕೆಡವಿ ಹಾಕ್ಬೇಕು ಇಲ್ಲಾ ಬೋಲ್ಟ್ ಹೊಡೀಬೇಕು. ನಮ್ಮ ಹಳೇ ಮೇಸ್ತ್ರಿ ಒಬ್ಬರಿಗೆ ಲ್ಯಾಂಪ್ ಬೆಳಕಲ್ಲಿ ಕಣ್ಣು ಅಷ್ಟಕ್ಕಷ್ಟೇ, ಕಿವಿ ಮಾತ್ರ ದೇವರು ಕೊಟ್ಟಿದ್ದು. ಒಂದ್ಸಲ ನಾನು ಟಣ್ ಅನ್ಕೊಂಡು ನಡೀತಿದ್ದ ಜಾಗದಲ್ಲಿ ಅವರು ಕಾಲರ್ ಹಿಡಿದು ಹಿಂದಕ್ಕೆ ಎಳೆದ್ರು, ಐದು ನಿಮಿಷಕ್ಕೆ ಡೈನಿಂಗ್ ಟೇಬಲ್ ಅಷ್ಟಗಲ ಚಪ್ಪಡಿ ಬಿತ್ತು. ಚಂದ್ರನಲ್ಲಿ ಗಾಳಿ ಇಲ್ಲ, ಶಬ್ದನೇ ಇಲ್ಲ. ಬಡಿದ್ರೆ ಹಾರೆಯ ನಡುಕ ಕೈಗೆ ಬರ್ಬೇಕು, ಆ ಕೈಯೂ ಗಾಳಿ ತುಂಬಿದ ಗ್ಲೌಸ್ ಒಳಗೆ. ಅದಕ್ಕೆ ಸೆನ್ಸರ್ ಬರುತ್ತೆ, ಲೇಸರ್ ಬರುತ್ತೆ, ಎಲ್ಲಾ ಬರುತ್ತೆ, ಸರಿ. ಆದ್ರೂ ಗುಹೆ ವಾಸದ ಬಗ್ಗೆ ಯಾರಾದ್ರೂ ಚಂದದ ಚಿತ್ರ ಬರೆದಾಗ ನನಗೆ ಮೊದಲು ಬರೋ ಯೋಚನೆ, ಈ ಮಾಡನ್ನ ಬಡಿದು ನೋಡಿದವರ್ಯಾರು ಅಂತ.

ಇನ್ನೊಂದು ವಿಷ್ಯ ಯೋಚಿಸಿ ನೋಡಿ, ನಮಗೆ ಕಾಣೋ ಗುಂಡಿ ಅಂದ್ರೆ ಮಾಡು ಕುಸಿದು ಬಿದ್ದ ಜಾಗ. ಅಂದ್ರೆ ಬಾಗಿಲು ಅನ್ನೋದೇ ಆ ಗುಹೆಯ ಅತಿ ವೀಕ್ ಪಾಯಿಂಟು. ಕೆಳಗೆ ಬಿದ್ದ ಬಂಡೆಗಳ ರಾಶಿ, ಅದರ ಮೇಲೆ ಇಳಿದು, ಅಲ್ಲಿಂದ ಕಡಿದಾದ ಇಳಿಜಾರು ದಾಟಿ ಒಳಗೆ ಹೋಗ್ಬೇಕು. ಜೋಗದ 253 ಮೀಟರ್‌ಗೆ ಹೋಲಿಸಿದ್ರೆ ಆ ಗುಂಡಿ ಅರ್ಧಕ್ಕಿಂತ ಕಮ್ಮಿ ಆಳ, ಹಗ್ಗದಲ್ಲಿ ಇಳಿಯೋದು ಅಲ್ಲಿನ ತೂಕಕ್ಕೆ ಕಷ್ಟ ಅಲ್ಲ, ಆದ್ರೆ ದಿನಾ ಸಾಮಾನು ಇಳಿಸಿ ಹತ್ತಿಸೋಕೆ ಲಿಫ್ಟೇ ಬೇಕು.

ಒಂದು ಸಮಾಧಾನ ಇದೆ. 2018ರ ಆಗಸ್ಟ್ ನಮಗ್ಯಾರಿಗೂ ಮರೆಯಲ್ಲ, ಬೆಟ್ಟ ಜಾರಿದ್ದು ನೀರಿಂದ, ಮಣ್ಣೊಳಗೆ ನೀರು ಕೂತು ಹಿಡಿತ ಬಿಡಿಸಿದ್ದರಿಂದ. ಭೂಮಿ ಮೇಲೆ ಗುಹೆ ಹಾಳಾಗೋದೂ ಬಹುಪಾಲು ನೀರು, ಬೇರು, ಕಲ್ಲು ಕೊಳೆಯೋದರಿಂದ. ಚಂದ್ರನಲ್ಲಿ ಮಳೆ ಇಲ್ಲ, ಬೇರಿಲ್ಲ, ಅದಕ್ಕೇ ಮುನ್ನೂರು ಕೋಟಿ ವರ್ಷ ನಿಂತಿದೆ. ಅಲ್ಲಿನ ಶತ್ರು ಉಲ್ಕೆ ಮತ್ತು ಚಂದ್ರಕಂಪ. ಅಪೋಲೋದವರು ಬಿಟ್ಟು ಬಂದ ಯಂತ್ರಗಳು 1977ರವರೆಗೆ ಕೇಳಿಸ್ಕೊಂಡವು, ಮೇಲುಮೇಲಿನ ಕಂಪನಗಳಲ್ಲಿ ದೊಡ್ಡವು ರಿಕ್ಟರ್ ಥರದ ಲೆಕ್ಕದಲ್ಲಿ 5ನ್ನೂ ದಾಟಿದ್ವು, ಮತ್ತೆ ಒಣ ಕಲ್ಲು ಆದ್ದರಿಂದ ಘಂಟೆ ಥರ ಹತ್ತು ನಿಮಿಷಕ್ಕೂ ಮಿಕ್ಕಿ ಅದುರ್ತಾ ಇರುತ್ತೆ. 2022ರಲ್ಲಿ ಚೆಂಬು, ಕರಿಕೆ ಕಡೆ ಬಂದ 3ರ ಆಸುಪಾಸಿನ ಸಣ್ಣ ನಡುಕಕ್ಕೇ ಪಾತ್ರೆ ಸದ್ದಾಗಿ ಜನ ಅಂಗಳಕ್ಕೆ ಓಡಿ ಬಂದಿದ್ರು, ಅದೂ ಕ್ಷಣದಲ್ಲಿ ಮುಗಿದದ್ದು. ಗುಹೆಯಲ್ಲಿದ್ದವರು ಎಲ್ಲಿಗೆ ಓಡೋದು?

ನೀರಿನ ವಿಷ್ಯದಲ್ಲಿ ಗುಹೆ ಪೂರ್ತಿ ಫೇಲ್. ಚಂದ್ರನಲ್ಲಿ ನೀರಿನ ಅಂಶ ಇದೆ ಅಂತ ಚಂದ್ರಯಾನ-1ರ ಡೇಟಾ 2009ರಲ್ಲಿ ತೋರಿಸ್ತು, ಅದೇ ಅಕ್ಟೋಬರಲ್ಲಿ ನಾಸಾದವರು ದಕ್ಷಿಣ ಧ್ರುವದ ಕೇಬಿಯಸ್ ಕುಳಿಗೆ ರಾಕೆಟ್ ತುಂಡು ಅಪ್ಪಳಿಸಿ ಎದ್ದ ಧೂಳಲ್ಲಿ ನೀರು ಕಂಡ್ರು. ಮಂಜುಗಡ್ಡೆ ಇರೋದು ಬಿಸಿಲೇ ಕಾಣದ ಧ್ರುವದ ಕುಳಿಗಳಲ್ಲಿ. ಒಳ್ಳೊಳ್ಳೆ ಲಾವಾ ಟ್ಯೂಬ್ ಇರೋದು ಮಧ್ಯದ ಕಪ್ಪು ಬಯಲುಗಳಲ್ಲಿ. ಟ್ರಾಂಕ್ವಿಲಿಟಿ ಗುಂಡಿಯಿಂದ ದಕ್ಷಿಣ ಧ್ರುವ ಹತ್ತತ್ರ 3,000 ಕಿಲೋಮೀಟರ್, ಕನ್ಯಾಕುಮಾರಿಯಿಂದ ಕಾಶ್ಮೀರದಷ್ಟು ದೂರ, ರೋಡಿಲ್ಲ. ಐನ್‌ಮನೆ ಒಂದು ಬೆಟ್ಟದಲ್ಲಿ, ಕೆರೆ ಇನ್ನೊಂದು ಜಿಲ್ಲೆಲಿ ಅಂದಂಗೆ. ಎಲ್ಲಾ ದೇಶದವರೂ ಧ್ರುವದ ಕಡೆಗೇ ಮುಖ ಮಾಡಿರೋದು ಇದಕ್ಕೇ, ನೀರು ಬಿಟ್ಟು ಮನೆ ಕಟ್ಟೋರು ಯಾರಿದ್ದಾರೆ?

ಕರೆಂಟ್ ಕಥೆ ನಿಮಗೆ ಹೇಳಿಕೊಡೋದೇ ಬೇಡ. ಆಗಸ್ಟಲ್ಲಿ ಲೈನ್ ಮೇಲೆ ಮರ ಬಿದ್ದು ಒಂದು ವಾರ ಕರೆಂಟ್ ಹೋದ್ರೆ ಯುಪಿಎಸ್ ಸತ್ತು, ಫೋನ್ ಸತ್ತು, ನೆಟ್‌ವರ್ಕ್ ಸಿಗೋ ಬಂಡೆ ಹುಡುಕ್ಕೊಂಡು ಹೋಗ್ತೀವಲ್ಲ. ಚಂದ್ರನಲ್ಲಿ ತಿಂಗಳು ತಿಂಗಳು 14 ದಿನ ರಾತ್ರಿ, ಸೋಲಾರ್ ಬಂದ್. ವಿಕ್ರಮ್, ಪ್ರಜ್ಞಾನ್ ಮಲಗಿದ್ದು ಮತ್ತೆ ಏಳ್ಲಿಲ್ಲ, ಆ ಚಳಿಗೆ. ಗುಹೆಯೊಳಗಿದ್ರೆ ಬ್ಯಾಟರಿ ಚಳಿಗೆ ಸಾಯಲ್ಲ ಅನ್ನೋದು ಪ್ಲಸ್ಸು, ಆದ್ರೆ ಚಾರ್ಜ್ ಆಗೋಕೆ ಪ್ಯಾನೆಲ್ ಹೊರಗೇ ಇರ್ಬೇಕು, ಕೇಬಲ್ ಗುಂಡಿಯಲ್ಲಿ ಇಳಿಬಿಡ್ಬೇಕು. ಸಣ್ಣ ಅಣು ರಿಯಾಕ್ಟರ್ ಒಯ್ಯೋ ಯೋಚನೆ ಇದೆ, 2022ರಲ್ಲಿ ನಾಸಾ 40 ಕಿಲೋವಾಟ್‌ದಕ್ಕೆ ಡಿಸೈನ್ ಮಾಡಿಸಿದೆ. ನನಗೆ ಕೇಳಿದ್ರೆ ರಿಯಾಕ್ಟರ್ ಇಲ್ಲದೆ ಗುಹೆ ವಾಸದ ಮಾತೇ ಬೇಡ. ಇನ್ನು ಧೂಳು ಅಂತ ಒಂದಿದೆ, ಗಾಜಿನ ಪುಡಿ ಥರ ಚೂಪು, ಅಪೋಲೋ 17ರ ಜಿಯಾಲಜಿಸ್ಟ್ ಹ್ಯಾರಿಸನ್ ಶ್ಮಿಟ್‌ಗೆ ಅದು ತಾಗಿ ಮೂಗು ಕಟ್ಟಿ ಶೀತ ಆದಂಗಾಗಿತ್ತು.

ಈಗ ಊರು ಅನ್ನೋ ಪದಕ್ಕೆ ಬರೋಣ. ಊರು ಅಂದ್ರೆ ಮಕ್ಕಳು ಹುಟ್ಟಿ ಬೆಳೆಯೋ ಜಾಗ. ಮನುಷ್ಯ ಚಂದ್ರನ ಮೇಲೆ ಅತಿ ಹೆಚ್ಚು ಇದ್ದಿದ್ದು 1972ರ ಅಪೋಲೋ 17ರಲ್ಲಿ, ಅದೂ 75 ಗಂಟೆ. ತೂಕ ಇಲ್ಲದ ಸ್ಪೇಸ್ ಸ್ಟೇಷನ್‌ನಲ್ಲಿ ಮೂಳೆ ತಿಂಗಳಿಗೆ ನೂರಕ್ಕೆ ಒಂದರಷ್ಟು ಸವೆಯುತ್ತೆ, ಆರನೇ ಒಂದು ತೂಕದಲ್ಲಿ ಬಸುರಿ ಬಾಣಂತನ ಹೆಂಗೆ ಅಂತ ಯಾವ ಡಾಕ್ಟರೂ ನೋಡಿಲ್ಲ. ಹಾಗಾಗಿ ಕುಶಾಲನಗರದ ಥರ ಲೇಔಟ್ ಕಲ್ಪನೆ ಬಿಡಿ, ಅಂಟಾರ್ಕ್ಟಿಕಾದ ನಮ್ಮ ಮೈತ್ರಿ ಸ್ಟೇಷನ್ ಥರ ಯೋಚಿಸಿ, ಸ್ವಲ್ಪ ಜನ ಹೋಗ್ತಾರೆ, ಕೆಲಸ ಮಾಡ್ತಾರೆ, ಬೇರೆಯವರು ಬಂದಾಗ ವಾಪಸ್ ಬರ್ತಾರೆ. ಗಣಿಲಿ ಎಂಟು ಗಂಟೆ ಶಿಫ್ಟ್ ಮುಗಿಸಿ ಕೇಜಲ್ಲಿ ಮೇಲೆ ಬಂದು ಬಿಸಿಲು ಮುಖಕ್ಕೆ ಬಿದ್ದಾಗ ಆಗ್ತಿದ್ದ ಖುಷಿನ ನಾನು ಬರೆಯೋಕೆ ಆಗಲ್ಲ ಮಾರಾಯ್ರೇ. ಅಲ್ಲಿ ಮೇಲೆ ಬಂದ್ರೂ ಹೆಲ್ಮೆಟ್ ತೆಗೆಯೋ ಹಾಗಿಲ್ಲ. ನಾನಂತೂ ಹೋಗಲ್ಲ.

ಮೊದಲು ರೋಬಾಟ್ ಇಳಿಯಲಿ. ಇಳಿಸೋಕೆ ಐಡಿಯಾ ಬೇಕಾದಷ್ಟಿದೆ. ಟ್ರಾಂಕ್ವಿಲಿಟಿ ಗುಂಡಿಗೇ ಹಗ್ಗದಲ್ಲಿ ರೋವರ್ ಇಳಿಸೋ ಮೂನ್ ಡೈವರ್ ಅನ್ನೋ ಪ್ರಸ್ತಾಪ ನಾಸಾದಲ್ಲಿತ್ತು, ಆಯ್ಕೆ ಆಗ್ಲಿಲ್ಲ. ಜರ್ಮನಿಯವರು ಚೆಂಡಿನಾಕಾರದ ಡೀಡಲಸ್ ರೋಬಾಟ್ ಡಿಸೈನ್ ಮಾಡಿದ್ದಾರೆ, ಲಾಟೀನು ಇಳಿಬಿಟ್ಟಂಗೆ ಇಳಿಬಿಡೋದು. ನಮ್ಮ ದೇಶದ ಗುರಿ 2035ಕ್ಕೆ ಸ್ವಂತ ಸ್ಪೇಸ್ ಸ್ಟೇಷನ್, 2040ಕ್ಕೆ ಚಂದ್ರನ ಮೇಲೆ ಭಾರತೀಯ. ಮಗಳಿಗೆ ಆಗ ವಯಸ್ಸು ಇಪ್ಪತ್ತು ದಾಟಿರುತ್ತೆ, ಎಂಜಿನಿಯರೋ ಡಾಕ್ಟರೋ ಆಗಿರ್ತಾಳೆ. ಮೊದಲು ಧ್ರುವದ ಹತ್ರ, ನೆಲದ ಮೇಲೆ, ಮಣ್ಣು ಮುಚ್ಚಿದ ಗೂಡುಗಳು ಬರ್ತವೆ, ಗುಹೆ ಆಮೇಲೆ. ಅವಳು ನನ್ನ ವಯಸ್ಸಿಗೆ ಬರೋ ಹೊತ್ತಿಗೆ ಗುಹೆಯಲ್ಲಿ ನಾಲ್ಕಾರು ಜನ ವಾರಗಟ್ಟಲೆ ತಂಗಿದ್ದರೆ ನನಗೆ ಆಶ್ಚರ್ಯ ಇಲ್ಲ, ಅದಕ್ಕಿಂತ ಮೊದಲು ಆದ್ರೆ ಆಶ್ಚರ್ಯ ಪಡ್ತೀನಿ. ಜಾಗ ಬುಕ್ ಮಾಡ್ಬಹುದಾ ಅಂತ ಯಾರೂ ಕೇಳ್ಬೇಡಿ, 1967ರ ಬಾಹ್ಯಾಕಾಶ ಒಪ್ಪಂದದಲ್ಲಿ ಯಾವ ದೇಶನೂ ಚಂದ್ರನ ನೆಲ ತನ್ನದು ಅನ್ನೋ ಹಾಗಿಲ್ಲ, ಮತ್ತೆ ನಮ್ಮ ಜಮ್ಮಾ ಜಾಗದ ಆರ್‌ಟಿಸಿ ಸರಿ ಮಾಡಿಸೋದರಲ್ಲೇ ಅರ್ಧ ಆಯುಷ್ಯ ಹೋಗಿದೆ, ಚಂದ್ರನದ್ದು ಬೇರೆ ಬೇಡ.

ಮಗಳಿಗೆ ಆ ಜಾಗ ತೋರಿಸಿ. ಹುಣ್ಣಿಮೆ ಸಂಜೆ ಚಂದ್ರ ಪೂರ್ವದಲ್ಲಿ ಬೆಟ್ಟ ಬಿಟ್ಟು ಸ್ವಲ್ಪ ಮೇಲೆ ಬಂದಾಗ ನೋಡಿ, ನಮ್ಮ ಕಡೆಯಿಂದ ನೋಡಿದ್ರೆ ಆಗ ಅದರ ಮೇಲಿನ ಅರ್ಧದಲ್ಲಿ, ನಡುವಿಂದ ಸ್ವಲ್ಪ ಎಡಕ್ಕೆ ಕಪ್ಪು ಮಚ್ಚೆ ಕಾಣುತ್ತೆ, ಚಂದ್ರನಲ್ಲಿ ಮೊಲ ಅಂತ ತೋರಿಸ್ತಾರಲ್ಲ, ಅದರ ತಲೆ. ಅದೇ ಟ್ರಾಂಕ್ವಿಲಿಟಿ, ಆ ಗುಹೆ ಅಲ್ಲೇ ಇರೋದು. ಕೆಳಗಿನ ಅಂಚಿನ ಕಡೆ ಹರಡಿರೋ ದೊಡ್ಡ ಕಪ್ಪಲ್ಲಿ ಮಾರಿಯಸ್ ಹಿಲ್ಸ್. ಬೈನಾಕ್ಯುಲರ್‌ಗೆ ಗುಂಡಿ ಕಾಣಲ್ಲ, ನೂರು ಮೀಟರ್ ಅಂದ್ರೆ ಅಷ್ಟು ದೂರಕ್ಕೆ ಏನೂ ಅಲ್ಲ, ಆದ್ರೆ ಮಚ್ಚೆ ಚೆನ್ನಾಗಿ ಕಾಣುತ್ತೆ, ಮಂಜು ಇಲ್ಲದಿದ್ರೆ.